ಅಡುಗೆಮನೆ ಪ್ರಶ್ನೋತ್ತರ: ಪ್ಯಾನ್‌ಕೇಕ್, ತೆಳ್ಳೇವು ಮತ್ತು ಮೇಲೆ ಸುರಿಯುವ ಸಿಹಿ

ಹಿಂದಿನ ಸಂಚಿಕೆಯಲ್ಲಿ ಬೆಲ್ಲದ ದೋಸೆಯ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಪ್ಯಾನ್‌ಕೇಕನ್ನೇ ಹಿಡಿದುಕೊಂಡಿವೆ. ಮಕ್ಕಳು ಕೇಳುತ್ತಾರಂತೆ, ಪರದೇಶದಲ್ಲಿರುವ ಮಗಳು ಮಾಡುತ್ತಾಳಂತೆ, ಮೇಲೆ ಏನು ಸುರಿಯಬೇಕೆಂದು ಮನೆಯಲ್ಲಿ ಚರ್ಚೆಯಂತೆ. ಈ ಸಲದ ಪುಟಗಳನ್ನು ಆ ಪತ್ರಗಳಿಗೇ ಬಿಟ್ಟಿದ್ದೇನೆ.

ಅಕ್ಕಾ, ನನ್ನ ಮಗಳಿಗೆ ಪ್ಯಾನ್‌ಕೇಕ್ ಎಂದರೆ ಪ್ರಾಣ. ನಮ್ಮದು ಮೊಟ್ಟೆ ತಿನ್ನದ ಮನೆ. ಮೈದಾ, ಹಾಲು, ಸಕ್ಕರೆ, ಬೇಕಿಂಗ್ ಪೌಡರ್ ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ತಿರುವಿ ಹುಯ್ಯುತ್ತೇನೆ. ಉಬ್ಬುವುದಿಲ್ಲ, ಜಗಿದರೂ ಹರಿಯುವುದಿಲ್ಲ. ಮೇಲೆ ಏನು ಹಾಕಿಕೊಡಲಿ ಎಂಬುದನ್ನೂ ತಿಳಿಸಿ.
— ಓದುಗರು, ತುಮಕೂರು

ಮಿಕ್ಸಿಯನ್ನು ಎತ್ತಿಡಿ, ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ಅಕ್ಕಿ ಉದ್ದಿನ ಹಿಟ್ಟನ್ನು ಎಷ್ಟು ನುಣ್ಣಗೆ ರುಬ್ಬಿದರೂ ದೋಸೆ ಕೆಡುವುದಿಲ್ಲ. ಅದರಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇಲ್ಲ. ಮೈದಾದಲ್ಲಿ ಇದೆ. ನೀರು ತಾಗಿದ ಮೈದಾವನ್ನು ಕಲಸಿದಷ್ಟೂ ಅದು ಎಳೆ ಕಟ್ಟುತ್ತದೆ. ಪರೋಟಾಕ್ಕೆ ಅದು ಬೇಕು, ಪ್ಯಾನ್‌ಕೇಕಿಗೆ ಬೇಡ.

ಒಂದು ಬಟ್ಟಲು ಮೈದಾಕ್ಕೆ ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಒಂದು ಬಟ್ಟಲು ಗಟ್ಟಿ ಹುಳಿಮಜ್ಜಿಗೆ, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ. ಕಾವಲಿ ಕಾದ ಮೇಲೆಯೇ ಎರಡನ್ನೂ ಕೂಡಿಸಿ, ಸೌಟಿನಿಂದ ಹತ್ತು ಹನ್ನೆರಡು ಸುತ್ತು ತಿರುಗಿಸಿ ನಿಲ್ಲಿಸಿಬಿಡಿ. ಸಣ್ಣ ಗಂಟುಗಳು ಉಳಿದಿರುತ್ತವೆ, ಉಳಿಯಲಿ. ಬೇಯುವಾಗ ಅವು ಕರಗುತ್ತವೆ. ಸೋಡಾ ಹುಳಿಗೆ ತಾಗಿದ ಕ್ಷಣದಿಂದ ಗಾಳಿ ಹೊರಬೀಳತೊಡಗುತ್ತದೆ. ಹಾಗಾಗಿ ಈ ಹಿಟ್ಟನ್ನು ಕಲಸಿಟ್ಟು ಮಗಳು ಸ್ನಾನ ಮುಗಿಸಿ ಬರಲೆಂದು ಕಾಯಬಾರದು.

ಉರಿ ಸಣ್ಣದಕ್ಕಿಂತ ತುಸು ಹೆಚ್ಚಿರಲಿ. ಒಂದು ಸಣ್ಣ ಸೌಟು ಹಿಟ್ಟು ಹುಯ್ಯಿರಿ, ಹರಡಬೇಡಿ, ಅದು ತಾನಾಗಿ ಹರಡಿಕೊಳ್ಳುತ್ತದೆ. ಮೇಲೆ ಗುಳ್ಳೆಗಳು ಏಳುತ್ತವೆ. ಮೊದಲ ಗುಳ್ಳೆ ಕಂಡೊಡನೆ ಮಗುಚಬೇಡಿ. ಗುಳ್ಳೆ ಒಡೆದು, ತೂತು ಮುಚ್ಚಿಕೊಳ್ಳದೆ ಹಾಗೇ ನಿಂತು, ಅಂಚಿನ ಹೊಳಪು ಆರಿದಾಗ ಮಗುಚಿ. ಎರಡನೆಯ ಬದಿಗೆ ಮೊದಲಿನದರ ಅರ್ಧ ಹೊತ್ತು ಸಾಕು. ಚಪಾತಿ ಬೇಯಿಸಿದ ಕೈ ಸಟ್ಟುಗದಿಂದ ಒತ್ತಲು ಹೋಗುತ್ತದೆ, ತಡೆಯಿರಿ. ಒತ್ತಿದರೆ ಒಳಗಿನ ಗಾಳಿಯೆಲ್ಲ ಹೋಗಿ ಉಬ್ಬಿದ್ದೂ ವ್ಯರ್ಥ.

ಮೇಲಕ್ಕೆ: ಬಿಸಿ ಇರುವಾಗಲೇ ಒಂದು ಚೂರು ಬೆಣ್ಣೆ ಸವರಿ, ಆಮೇಲೆ ಜೇನು ಸುರಿಯಿರಿ. ಬೆಣ್ಣೆ ಮೊದಲು ಹೋದರೆ ಜೇನೆಲ್ಲ ಒಳಗೆ ಇಳಿದು ಮುದ್ದೆಯಾಗುವುದಿಲ್ಲ. ಏಲಕ್ಕಿ ಬಾಳೆಹಣ್ಣಿನ ಬಿಲ್ಲೆಗಳು ಜೊತೆಗಿದ್ದರೆ ಬೆಳಗಿನ ತಿಂಡಿಯೇ ಆಯಿತು. ಒಂದು ದಿನ ನಿಂಬೆರಸ ಹಿಂಡಿ ಮೇಲೆ ಸಕ್ಕರೆ ಉದುರಿಸಿಯೂ ಕೊಟ್ಟು ನೋಡಿ. ಇಂಗ್ಲೆಂಡಿನಲ್ಲಿ ಕ್ರೈಸ್ತರ ನಲವತ್ತು ದಿನಗಳ ವ್ರತ ಶುರುವಾಗುವ ಹಿಂದಿನ ಮಂಗಳವಾರ, ಮನೆಯಲ್ಲಿರುವ ಮೊಟ್ಟೆ, ಹಾಲು, ಬೆಣ್ಣೆ ಮುಗಿಸಲೆಂದು ಪ್ಯಾನ್‌ಕೇಕ್ ಮಾಡುವ ರೂಢಿ ಬಂದಿದೆ. ಅವರದು ಸೋಡಾ ಇಲ್ಲದ ತೆಳು ದೋಸೆ. ಅದರ ಮೇಲೆ ಅವರು ಹಾಕುವುದು ಈ ನಿಂಬೆ ಸಕ್ಕರೆಯನ್ನೇ. ನನಗೆ ಚಾಕೊಲೇಟ್ ಸಾಸಿಗಿಂತ ಇದು ನೂರು ಪಾಲು ಮೇಲು.

ನಾವು ಶಿರಸಿ ಕಡೆಯವರು, ಈಗ ಟೊರಾಂಟೊದಲ್ಲಿದ್ದೇವೆ. ಭಾನುವಾರ ತೆಳ್ಳೇವು, ಅಂದರೆ ನಮ್ಮ ಕಡೆಯ ಅಕ್ಕಿಯ ತೆಳು ದೋಸೆ, ಮಾಡುತ್ತೇನೆ, ಆದರೆ ಇಲ್ಲಿ ಜೋನಿ ಬೆಲ್ಲ ಸಿಗುವುದಿಲ್ಲ. ಮೇಪಲ್ ಸಿರಪ್ ಹಾಕಿ ಕೊಟ್ಟರೆ, ನಮ್ಮ ಅತ್ತೆ ಒಂದು ತುತ್ತು ತಿಂದು ತಟ್ಟೆ ಸರಿಸುತ್ತಾರೆ. ಎರಡೂ ಗಿಡದ ರಸ ಕುದಿಸಿ ಮಾಡಿದ್ದೇ ಅಲ್ಲವೇ?
— ಓದುಗರು, ಟೊರಾಂಟೊ

ನಿಮ್ಮ ಅತ್ತೆಯವರ ನಾಲಿಗೆ ಸರಿಯಾಗಿಯೇ ಹೇಳುತ್ತಿದೆ. ನಾನು ಸಿದ್ದಾಪುರದ ಕಡೆಯವಳು, ಇದರಲ್ಲಿ ಅವರ ಪಕ್ಷವೇ.

ಸಂಕ್ರಾಂತಿ ಕಳೆದ ಮೇಲೆ ನಮ್ಮಲ್ಲಿ ಆಲೆಮನೆ ಹೂಡುತ್ತಾರೆ. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದು ಕುದಿ ಬಂದಾಗ ಮೇಲೆ ಹಸಿರು ಮಿಶ್ರಿತ ಕೊಳೆ ನೊರೆಗಟ್ಟುತ್ತದೆ. ಸುಣ್ಣದ ತಿಳಿ ಬಿಟ್ಟು, ಅದನ್ನು ಮತ್ತೆ ಮತ್ತೆ ತೆಗೆಯಬೇಕು. ನೊರೆಯ ಬಣ್ಣ ಕೆಂಪಾಗಿ, ಗುಳ್ಳೆ ದಪ್ಪವಾಗಿ, ಕುದಿಯುವ ಸದ್ದೇ ಬದಲಾಗುತ್ತದೆ. ಆಗ ಪಾಕ ನೋಡುವವರು ತಣ್ಣೀರಿಗೆ ಒಂದು ಹನಿ ಬಿಡುತ್ತಾರೆ. ಹನಿ ಗಟ್ಟಿಯಾಗಿ ಉಂಡೆ ಕಟ್ಟುವ ತನಕ ಕಾದರೆ ಅಚ್ಚಿನ ಬೆಲ್ಲ. ಅದಕ್ಕೆ ಮೊದಲೇ, ಹನಿ ತಳದಲ್ಲಿ ಮೆತ್ತಗೆ ಕುಳಿತಾಗ ಕೊಪ್ಪರಿಗೆ ಇಳಿಸಿದರೆ ಜೋನಿ ಬೆಲ್ಲ. ಅದನ್ನು ಡಬ್ಬಿಗಳಿಗೆ ತುಂಬಿಟ್ಟರೆ ವರ್ಷದ ದೋಸೆಗೆ ಆಯಿತು. ಮಳೆಗಾಲದ ಹೊತ್ತಿಗೆ ತಳದಲ್ಲಿ ಸಕ್ಕರೆ ಕಾಳು ಕಟ್ಟಿರುತ್ತದೆ, ಮಕ್ಕಳು ಅದಕ್ಕಾಗಿಯೇ ಚಮಚವನ್ನು ಆಳಕ್ಕೆ ಇಳಿಸುತ್ತಾರೆ.

ಮೇಪಲ್ ರಸದ ದಾರಿ ಬೇರೆ. ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ಸೊನ್ನೆಗಿಂತ ಕೆಳಗಿಳಿದು ಹಗಲು ಮೇಲೇರುವ ಕೆಲವು ವಾರಗಳಲ್ಲಿ ಮಾತ್ರ ಮರ ರಸ ಸುರಿಸುತ್ತದೆ. ಅದರಲ್ಲಿ ಸಕ್ಕರೆ ಶೇಕಡಾ 2ರ ಆಸುಪಾಸು. ಕಬ್ಬಿನ ಹಾಲಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಹಾಗಾಗಿ ಒಂದು ಲೀಟರ್ ಮೇಪಲ್ ಸಿರಪ್ಪಿಗೆ ಸುಮಾರು 40 ಲೀಟರ್ ರಸ ಬೇಕು. ಯುರೋಪಿನವರು ಆ ನೆಲಕ್ಕೆ ಕಾಲಿಡುವ ಮೊದಲೇ ಅಲ್ಲಿನ ಮೂಲನಿವಾಸಿಗಳು ಈ ರಸದಿಂದ ಸಿಹಿ ಮಾಡುತ್ತಿದ್ದರು. ಇವತ್ತು ಜಗತ್ತಿನ ಮೇಪಲ್ ಸಿರಪ್ಪಿನ ಬಹುಪಾಲು ನಿಮ್ಮ ನೆರೆಯ ಕ್ವಿಬೆಕ್ ಪ್ರಾಂತದ್ದು. ಇಷ್ಟು ಶ್ರಮದ ವಸ್ತುವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆದರೆ ಅದು ತೆಳು. ಸಕ್ಕರೆ ಶೇಕಡಾ 66ರ ಹತ್ತಿರ ಬಂದಾಗ ಅದನ್ನು ಇಳಿಸಿಬಿಡುತ್ತಾರೆ. ಅಮೆರಿಕದ ದಪ್ಪ ಪ್ಯಾನ್‌ಕೇಕಿನ ಒಳಗೆಲ್ಲ ತೂತುಗಳು, ಅದು ತೆಳು ಪಾಕವನ್ನು ಕುಡಿಯುತ್ತದೆ. ನಮ್ಮ ತೆಳ್ಳೇವಿಗೆ ಹಾಗೆ ಕುಡಿಯುವ ಹೊಟ್ಟೆಯೇ ಇಲ್ಲ. ಸುರಿದ ಸಿರಪ್ ಜಾರಿ ತಟ್ಟೆಯ ಅಂಚಿಗೆ ಹೋಗುತ್ತದೆ, ಬಾಯಿಗೆ ಬರುವುದು ಬರೀ ಅಕ್ಕಿಯ ರುಚಿ. ತೆಳು ದೋಸೆಗೆ ಅಂಟಿಕೊಳ್ಳುವಂಥ ಗಟ್ಟಿ ಪಾಕ ಬೇಕು, ದಪ್ಪ ದೋಸೆಗೆ ಇಳಿಯುವಂಥ ತೆಳು ಪಾಕ. ಮೇಲೆ ಏನು ಎಂದು ಯಾರೇ ಕೇಳಲಿ, ನಾನು ಮೊದಲು ದೋಸೆಯ ಮೈ ನೋಡುತ್ತೇನೆ.

ಹೀಗೆ ಮಾಡಿ. ಭಾರತೀಯ ಅಂಗಡಿಯಲ್ಲಿ ಸಿಗುವ ಕಪ್ಪಗಿನ ಬೆಲ್ಲ ಒಂದು ಬಟ್ಟಲು, ನೀರು ಕಾಲು ಬಟ್ಟಲು. ಕರಗಿಸಿ ಸೋಸಿ, ಐದಾರು ಹನಿ ನಿಂಬೆರಸ ಬಿಟ್ಟು ಸಣ್ಣ ಉರಿಯಲ್ಲಿ ಕುದಿಸಿ. ಹುಳಿ ಬಿದ್ದರೆ ಪಾಕ ಬೇಗ ಹರಳುಗಟ್ಟುವುದಿಲ್ಲ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಬಿಸಿಯಲ್ಲಿ ತುಸು ತೆಳುವಾಗಿರುವಾಗಲೇ ಇಳಿಸಿ. ಇಳಿಸುವ ಮುನ್ನ ಎರಡು ಚಮಚ ಮೇಪಲ್ ಸಿರಪ್ ಸೇರಿಸಿದರೆ ಅದರ ಹೊಗೆಯಂಥ ಪರಿಮಳವೂ ಬರುತ್ತದೆ. ನಾಲ್ಕು ಬಣ್ಣಗಳಲ್ಲಿ ಮಾರುತ್ತಾರಲ್ಲ, ಅದರಲ್ಲಿ ಅತಿ ಕಪ್ಪಗಿನದನ್ನೇ ತನ್ನಿ. ಹಂಗಾಮಿನ ಕೊನೆಯ ರಸದ್ದು ಅದು, ಬೆಲ್ಲಕ್ಕೆ ಹತ್ತಿರದ ರುಚಿ. ‘ಪ್ಯಾನ್‌ಕೇಕ್ ಸಿರಪ್’ ಎಂದಷ್ಟೇ ಬರೆದ ಅಗ್ಗದ ಬಾಟಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಾಕಕ್ಕೆ ಬಣ್ಣ, ಸುವಾಸನೆ ಬೆರೆಸಿದ್ದು. ಚೀಟಿ ಓದಿ ಬಿಟ್ಟುಬಿಡಿ. ತೆಳ್ಳೇವು ಕಾವಲಿಯಿಂದ ಇಳಿದ ಕೂಡಲೆ ಮೇಲೆ ಈ ಪಾಕ, ಅದರ ಮೇಲೆ ಬಿಸಿ ತುಪ್ಪ. ಅತ್ತೆಯವರು ಏನೆಂದರು ಎಂದು ತಪ್ಪದೆ ಬರೆಯಿರಿ.

ನೀರುದೋಸೆಗೆ ಕಾಯಿಬೆಲ್ಲ ಕಲಸಿಟ್ಟರೆ ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದೆ. ಏನು ಮಾಡುವುದು?
— ಓದುಗರು, ಪುತ್ತೂರು

ಬೆಲ್ಲ ಕಾಯಿತುರಿಯ ನೀರನ್ನು ಎಳೆಯುತ್ತದೆ, ತಡೆಯಲು ಬರುವುದಿಲ್ಲ. ತುರಿ ಬೇರೆ, ಹೆರೆದ ಬೆಲ್ಲ ಬೇರೆ ಇಟ್ಟುಕೊಂಡು ಎಲೆಗೆ ಬಡಿಸುವಾಗ ಬೆರೆಸಿ, ಏಲಕ್ಕಿ ಪುಡಿಯೂ ಆಗಲೇ. ಮೊದಲೇ ಮಾಡಿಡಲೇಬೇಕಾದರೆ ಎರಡನ್ನೂ ಒಲೆಯ ಮೇಲೆ ನೀರಾರುವವರೆಗೆ ಕೈಯಾಡಿಸಿ; ಕಡುಬಿನ ಹೂರಣದ ಹದ ಬರುತ್ತದೆ, ರುಚಿ ಬೇರೆಯಾಗುತ್ತದೆ. ನನಗೆ ಹಸಿಯದೇ ಇಷ್ಟ.

ನೆದರ್ಲೆಂಡ್ಸಿನಲ್ಲಿದ್ದೇನೆ. ಇಲ್ಲಿ ಪೊಫರ್ಟ್ಯೆಸ್ ಎಂಬ ಪುಟ್ಟ ಪ್ಯಾನ್‌ಕೇಕ್ ಮಾಡುವ ಗುಳಿ ಕಾವಲಿ ಸಿಗುತ್ತದೆ. ಅದರಲ್ಲಿ ಪಡ್ಡು ಮಾಡಬಹುದೇ?
— ಓದುಗರು, ಐಂಡ್‌ಹೋವನ್

ಧಾರಾಳವಾಗಿ ಮಾಡಬಹುದು. ಬೀಡು ಕಬ್ಬಿಣದ್ದು ಸಿಕ್ಕರೆ ಬಿಡಬೇಡಿ. ಗುಳಿಗಳ ಆಳ ಮಾತ್ರ ಕಡಿಮೆ, ಹಾಗಾಗಿ ಪಡ್ಡು ಗುಂಡಗಾಗದೆ ಚಪ್ಪಟೆಯಾಗುತ್ತದೆ, ಬೇಗ ಬೇಯುತ್ತದೆ. ಈರುಳ್ಳಿಯನ್ನು ತುಂಬ ಸಣ್ಣಗೆ ಹೆಚ್ಚಿ, ಗುಳಿಯ ಮುಕ್ಕಾಲು ಭಾಗ ಹಿಟ್ಟು ತುಂಬಿ.

ಅಲ್ಲಿನವರ ಪದ್ಧತಿಯನ್ನೂ ಕಲಿಯಿರಿ. ಗೋಧಿ ಹಿಟ್ಟಿಗೆ ಬಕ್‌ವೀಟ್, ಅಂದರೆ ಉತ್ತರ ಭಾರತದವರು ಕುಟ್ಟು ಎನ್ನುವ ಧಾನ್ಯದ ಹಿಟ್ಟು ಬೆರೆಸಿ, ಯೀಸ್ಟಿನಿಂದ ಹುದುಗಿಸಿ, ಬೆಂದ ಮೇಲೆ ಬೆಣ್ಣೆಯ ಚೂರು, ಸಕ್ಕರೆ ಪುಡಿ ಹಾಕಿ ಕೊಡುತ್ತಾರೆ. ಅವರ ದೊಡ್ಡ ಪ್ಯಾನ್‌ಕೇಕಿನಲ್ಲಿ ನನಗೆ ಹಿಡಿಸುವುದು ಇನ್ನೊಂದು: ಸೇಬಿನ ತೆಳು ಬಿಲ್ಲೆಗಳು ಹಿಟ್ಟಿನೊಳಗೇ ಸೇರಿ ಬೇಯುತ್ತವೆ, ಮೇಲೆ ಸಕ್ಕರೆ ಗೆಡ್ಡೆಯ ಕಪ್ಪು ಪಾಕ ಸುರಿಯುತ್ತಾರೆ. ಸೌತೆಕಾಯಿ ದೋಸೆ ತಿಂದವರಿಗೆ ಹಣ್ಣು ತರಕಾರಿಯ ರಸ ಹಿಟ್ಟಿಗೆ ಏನು ಕೊಡುತ್ತದೆ ಎಂದು ಹೇಳಬೇಕಾಗಿಲ್ಲ.

ನಮ್ಮಲ್ಲಿ ಇಷ್ಟು ಬಗೆಯ ದೋಸೆಗಳಿರುವಾಗ ಪ್ಯಾನ್‌ಕೇಕಿನ ಗೊಡವೆ ಏಕೆ? ಪತ್ರಿಕೆಯ ಪುಟ ದಂಡ.
— ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಸರ್, ನಿಮ್ಮ ಅಭಿಮಾನ ನನಗೂ ಇದೆ. ಆದರೆ ಮಗು ಆಸೆಪಟ್ಟು ಕೇಳಿದ್ದನ್ನು ‘ಅದು ನಮ್ಮದಲ್ಲ’ ಎಂದು ತಳ್ಳುವುದು ನನ್ನಿಂದಾಗದು. ಅಷ್ಟೇ ಅಲ್ಲ, ಮೆತ್ತಗೆ, ದಪ್ಪಗೆ, ಸಿಹಿಯಾಗಿ, ಬೆಣ್ಣೆ ಹಾಕಿಕೊಂಡು ತಿನ್ನುವ ದೋಸೆ ನಮ್ಮ ಕರಾವಳಿಯಲ್ಲೇ ಇದೆ. ಗೌಡ ಸಾರಸ್ವತರ ಮನೆಗಳ ಸುರ್ನೋಳಿ. ಅದು ಘಟ್ಟದ ಮೇಲೆ ಹೆಚ್ಚು ಜನರಿಗೆ ಗೊತ್ತಿಲ್ಲವೆಂಬುದೇ ನನ್ನ ಬೇಸರ.

ಎರಡು ಬಟ್ಟಲು ದೋಸೆ ಅಕ್ಕಿ, ಒಂದು ಚಮಚ ಮೆಂತೆ ನಾಲ್ಕೈದು ಗಂಟೆ ನೆನೆಯಲಿ. ಅರ್ಧ ಬಟ್ಟಲು ಅವಲಕ್ಕಿಯನ್ನು ಹುಳಿಮಜ್ಜಿಗೆಯಲ್ಲಿ ನೆನೆಸಿ. ಒಂದು ಬಟ್ಟಲು ಕಾಯಿತುರಿಯೊಂದಿಗೆ ಎಲ್ಲವನ್ನೂ ಆ ಮಜ್ಜಿಗೆಯಲ್ಲೇ ನುಣ್ಣಗೆ ರುಬ್ಬಿ, ಮುಕ್ಕಾಲು ಬಟ್ಟಲು ಬೆಲ್ಲ, ಚಿಟಿಕೆ ಅರಿಸಿನ, ಉಪ್ಪು ಕೂಡಿಸಿ ರಾತ್ರಿಯಿಡೀ ಬಿಡಿ. ಉದ್ದು ಬೇಡ. ಬೆಳಿಗ್ಗೆ ದಪ್ಪಗೆ ಹುಯ್ದು ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಒಂದೇ ಬದಿ ಬೇಯಿಸಿ. ಬೆಲ್ಲ ಇರುವುದರಿಂದ ಉರಿ ಏರಿದರೆ ತಳ ಕಪ್ಪಾಗುತ್ತದೆ. ಮೇಲೆಲ್ಲ ತೂತು ಬಿದ್ದ ಅರಿಸಿನ ಬಣ್ಣದ ದೋಸೆ ಏಳುತ್ತದೆ. ಆ ತೂತುಗಳಿಗೆ ಬೆಣ್ಣೆ ಕರಗಿ ಇಳಿಯಲಿ. ಮಾಡಿಸಿ ತಿನ್ನಿ, ಆಮೇಲೆ ಪುಟ ದಂಡವೋ ಅಲ್ಲವೋ ಬರೆಯಿರಿ.

ಬೆಂಗಳೂರಿನ ಮಗನ ಮನೆಯಲ್ಲಿ ಬೆಣ್ಣೆ ದೋಸೆ ಮಾಡಿದೆ. ಮಂಡಕ್ಕಿ ಹಾಕಿಯೇ ರುಬ್ಬಿದ್ದೆ, ಪ್ಯಾಕೆಟ್ ಬೆಣ್ಣೆಯನ್ನೂ ಧಾರಾಳವಾಗಿ ಹಾಕಿದೆ. ಊರಿನ ರುಚಿ ಬರಲಿಲ್ಲ.
— ಓದುಗರು, ದಾವಣಗೆರೆ

ಪ್ಯಾಕೆಟ್ಟಿನ ಹಳದಿ ಬೆಣ್ಣೆಯಲ್ಲಿ ಉಪ್ಪಿದೆ. ಅದು ಬ್ರೆಡ್ಡಿಗೆ ಹೊಂದುತ್ತದೆ, ಹಿಟ್ಟಿನಲ್ಲೂ ಚಟ್ನಿಯಲ್ಲೂ ಉಪ್ಪಿರುವ ದೋಸೆಗೆ ಅತಿಯಾಗುತ್ತದೆ. ನಿಮಗೆ ಬೇಕಾದದ್ದು ಮೊಸರು ಕಡೆದು ತೆಗೆದ ಬಿಳಿ ಬೆಣ್ಣೆ. ಹಾಲಿನ ಕೆನೆಯನ್ನು ಫ್ರಿಜ್ಜಿನಲ್ಲಿ ಕೂಡಿಟ್ಟು, ಸಾಕಷ್ಟಾದಾಗ ಹೆಪ್ಪು ಹಾಕಿ ಒಂದು ರಾತ್ರಿ ಹೊರಗಿಡಿ. ಬೆಳಿಗ್ಗೆ ತಣ್ಣೀರು ಬೆರೆಸಿ ಕಡೆದು, ಬೆಣ್ಣೆಯನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಬೆಣ್ಣೆ ಬೀಳುವುದು ಎರಡು ಸಲ: ದೋಸೆ ಗರಿಯಾಗುವಾಗ ಸುತ್ತಲೂ ಒಮ್ಮೆ, ತಟ್ಟೆಗೆ ಬಂದ ಮೇಲೆ ನಡುವೆ ಒಂದು ಉಂಡೆ. ಅರಿಸಿನ ಹಾಕದ ಆಲೂಗಡ್ಡೆ ಪಲ್ಯ ಪಕ್ಕದಲ್ಲಿರಲಿ, ಕಾಯಿಚಟ್ನಿ ತೆಳುವಾಗಿರಲಿ.

ಮುಂದಿನ ಸಂಚಿಕೆಗೆ ಬರೆಯುವವರು ನಿಮ್ಮ ಕಾವಲಿ ಕಬ್ಬಿಣದ್ದೋ ನಾನ್‌ಸ್ಟಿಕ್ಕೋ, ಒಲೆ ಗ್ಯಾಸಿನದೋ ಇಂಡಕ್ಷನ್ನೋ ಎಂಬುದನ್ನು ದಯವಿಟ್ಟು ತಿಳಿಸಿ. ದೋಸೆ ಏಳುವುದಿಲ್ಲ ಎಂದಷ್ಟೇ ಬರೆದ ಪತ್ರಗಳು ಇನ್ನೂ ನನ್ನ ಮೇಜಿನ ಮೇಲಿವೆ. ಆ ಒಂದು ಸಾಲು ಬಂದರೆ ಉತ್ತರಿಸುತ್ತೇನೆ.