ಶ್ರೀ ಪದ್ಧತಿಯೋ, ಯಂತ್ರ ನಾಟಿಯೋ, ಅಡಿಕೆಯೋ? ಒಂದೂಕಾಲು ಎಕರೆಯ ಲೆಕ್ಕ

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮಗೆ ಒಂದೂಕಾಲು ಎಕರೆ ಗದ್ದೆ ಇದೆ. ಅರ್ಧ ತಗ್ಗಿನ ಬೈಲು, ಇನ್ನರ್ಧ ಸ್ವಲ್ಪ ಎತ್ತರದ ಮಜಲು. ಏಣೆಲು, ಅಂದರೆ ಮಳೆಗಾಲದ ಭತ್ತ, ಒಂದೇ ಬೆಳೆ. ಹಟ್ಟಿಯಲ್ಲಿ ಎರಡು ದನ. ಮನೆಯವರು ಮುಂಬೈಯಲ್ಲಿ, ಇಲ್ಲಿ ನಾನು ಮತ್ತು ಅತ್ತೆ ಮಾತ್ರ. ಎಕರೆಗೆ 14 ಕ್ವಿಂಟಾಲ್ ದಾಟಿದ್ದೇ ಇಲ್ಲ. ಒಬ್ಬರು ಶ್ರೀ ಪದ್ಧತಿ ಮಾಡಿ ಅನ್ನುತ್ತಾರೆ, ಇನ್ನೊಬ್ಬರು ಯಂತ್ರದಲ್ಲಿ ನಾಟಿ ಮಾಡಿಸಿ ಅನ್ನುತ್ತಾರೆ. ಭಾವ ಅಂತೂ ಮಣ್ಣು ತುಂಬಿಸಿ ಅಡಿಕೆ ಇಡೋಣ ಅಂತ ಹಟ ಹಿಡಿದಿದ್ದಾರೆ. ಬೆಳೆ ಜಾಸ್ತಿ ಆಗಬೇಕು, ಭೂಮಿ ಹಾಳಾಗಬಾರದು. ಯಾವುದು ಒಳ್ಳೆಯದು?

ಉತ್ತರ: ಅಕ್ಕ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಒಂದೂಕಾಲು ಎಕರೆ, ಕೆಲಸಕ್ಕೆ ಇಬ್ಬರು. ನಿಮಗೆ ಕಡಿಮೆ ಬಿದ್ದಿರುವುದು ಆಳು. ಹಾಗಿರುವಾಗ ಎಕರೆಗೆ ಎಷ್ಟು ಕ್ವಿಂಟಾಲ್ ಅಂತ ಮಾತ್ರ ಲೆಕ್ಕ ಹಾಕಿದರೆ ದಾರಿ ತಪ್ಪುತ್ತದೆ. ಒಂದು ಆಳಿನ ಒಂದು ದಿನದ ಸಂಬಳಕ್ಕೆ ಎಷ್ಟು ಭತ್ತ ಬಂತು ಅಂತ ನೋಡಿ. ನೀರಿಲ್ಲದವರು ಬೇರೆ ಲೆಕ್ಕ ಹಾಕಬೇಕು, ಸಾಲ ಮಾಡಿ ಗೊಬ್ಬರ ತರುವವರು ಇನ್ನೊಂದು ಲೆಕ್ಕ. ಪಕ್ಕದ ಗದ್ದೆಯವನಿಗೆ ಸರಿ ಹೋದದ್ದು ನಿಮಗೆ ಸರಿ ಹೋಗದೇ ಇರುವುದಕ್ಕೆ ಕಾರಣ ಇಷ್ಟೇ.

ಈ ಕಣ್ಣಲ್ಲಿ ಶ್ರೀ ಪದ್ಧತಿ ನೋಡಿ. 8ರಿಂದ 12 ದಿನದ ನೇಜಿ (ನಾಟಿ ಸಸಿ), ಗುಣಿಗೆ ಒಂದೇ ಸಸಿ, ಆ ಕಡೆ ಈ ಕಡೆ 25 ಸೆಂಟಿಮೀಟರ್ ಅಂತರ, ಗದ್ದೆಯಲ್ಲಿ ನೀರು ನಿಲ್ಲಿಸದೆ ಬರೀ ತೇವ ಇಡುವುದು, ಆಗಾಗ ಕಳೆ ತೆಗೆಯುವ ಕೋನೋವೀಡರ್ ಓಡಿಸುವುದು. ಎಕರೆಗೆ 2-3 ಕೆ.ಜಿ. ಬೀಜ ಸಾಕು, ಬುಡದಿಂದ ತೆಂಡೆಯೂ (ಕವಲು) ಚೆನ್ನಾಗಿ ಒಡೆಯುತ್ತದೆ. ಪದ್ಧತಿಯಲ್ಲಿ ತಪ್ಪಿಲ್ಲ. ಆದರೆ ಜುಲೈಯಲ್ಲಿ ನಮ್ಮ ಬೈಲಿನಲ್ಲಿ ನೀರು ನಿಲ್ಲಬಾರದು ಅಂದರೆ ಯಾರ ಮಾತು ಕೇಳುತ್ತದೆ? ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹತ್ತು ದಿನದ ಸಸಿ ನಾಲ್ಕು ದಿನ ಮುಳುಗಿದರೆ ಹೋಯಿತು. ಮಜಲಿನಲ್ಲಿ ಮಾಡಬಹುದು, ಆದರೆ ನೀರು ನಿಲ್ಲದ ಗದ್ದೆಯಲ್ಲಿ ಕಳೆ ಜೋರು, ಆ ಕಳೆಗೆ ಮತ್ತೆ ಆಳು ಬೇಕು. ಮನೆಯಲ್ಲಿ ನಾಲ್ಕು ಜನ ಗಟ್ಟಿಮುಟ್ಟಾಗಿ ಇರುವವರು ಮಾಡಲಿ. ನೀವು ಮತ್ತು ಅತ್ತೆ ಸುಮ್ನೆ ಮಂಡೆಬಿಸಿ ಮಾಡಿಕೊಳ್ಳಬೇಡಿ.

ಯಂತ್ರ ನಾಟಿ ನಿಮಗೆ ಹೊಂದುತ್ತದೆ. ಯಂತ್ರಕ್ಕೆಂದು ಚಾಪೆಯ ಹಾಗೆ ಬೆಳೆಸುವ ಚಾಪೆ ನೇಜಿ 15-18 ದಿನದಲ್ಲಿ ತಯಾರು. ಕೈ ನಾಟಿಗೆ ಎಕರೆಗೆ 25-30 ಕೆ.ಜಿ. ಬೀಜ ಹಾಕುತ್ತಿದ್ದರೆ ಇದಕ್ಕೆ ಸುಮಾರು 15 ಸಾಕು. ಗದ್ದೆ ಮಾತ್ರ ಸಮತಟ್ಟಾಗಿ ಇರಬೇಕು. ಉತ್ತು ಕೆಸರು ಮಾಡಿ ಒಂದೆರಡು ದಿನ ಮಣ್ಣು ಕೂರಲು ಬಿಡಬೇಕು, ನಾಟಿ ದಿನ ತೆಳ್ಳಗೆ ನೀರು ಇದ್ದರೆ ಸಾಕು. ಒಂದೇ ಮಟ್ಟದಲ್ಲಿರುವ ಎರಡು ಸಣ್ಣ ಗದ್ದೆಗಳ ನಡುವೆ ಹುಣಿ (ಬದು) ಇದ್ದರೆ ತೆಗೆದು ಒಂದು ಮಾಡಿಸಿ, ಯಂತ್ರ ತಿರುಗಿಸುವವನ ಬಾಯಿಂದ ಬೈಗುಳ ತಪ್ಪುತ್ತದೆ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಯಂತ್ರಶ್ರೀಯಲ್ಲೂ ವಿಚಾರಿಸಿ. ಒಬ್ಬರೇ ಕರೆದರೆ ಯಂತ್ರ ಸಮಯಕ್ಕೆ ಬರುವುದಿಲ್ಲ. ಬೈಲಿನ ನಾಲ್ಕೈದು ಮನೆಯವರು ಸೇರಿ ದಿನ ಗೊತ್ತು ಮಾಡಿ, ಎಲ್ಲರೂ ಒಂದೇ ದಿನ ನೇಜಿ ಹಾಕಿ.

ಕಟಾವಿಗೆ ಬಂದಾಗ ಸ್ವಲ್ಪ ಯೋಚಿಸಿ. ದೊಡ್ಡ ಕಟಾವು ಯಂತ್ರದಲ್ಲಿ ಬೈಹುಲ್ಲು ಪುಡಿಯಾಗುತ್ತದೆ, ಆ ಹುಲ್ಲು ಕೆಸರಲ್ಲಿ ಹೂತು ಹೋಗುತ್ತದೆ. ನಿಮಗೆ ಎರಡು ದನ ಸಾಕುವುದಿದೆ, ಹುಲ್ಲು ಕೊಂಡರೆ ಭತ್ತದಲ್ಲಿ ಉಳಿದ ದುಡ್ಡು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಬೈಲಿಗೆ ಯಂತ್ರ ಇಳಿಸಿ, ಮಜಲಿನದ್ದನ್ನು ಕೊಯ್ದು ಬಡಿದು ಹುಲ್ಲು ಉಳಿಸಿಕೊಳ್ಳಿ. ಇದು ಯಾವ ಪುಸ್ತಕದ ಇಳುವರಿ ಲೆಕ್ಕದಲ್ಲೂ ಬರುವುದಿಲ್ಲ, ಹಟ್ಟಿ ಇರುವವರಿಗೆ ಗೊತ್ತು.

ಇನ್ನು, ಪದ್ಧತಿಗಿಂತ ಮೊದಲು ಬೀಜ ಬದಲಿಸಿ. ತುಂಬಾ ಕಡಿಮೆ ಖರ್ಚಿನ ಬದಲಾವಣೆ ಇದೇ. ಬೈಲಿಗೆ ನಿಮ್ಮೂರಿನ ಬ್ರಹ್ಮಾವರ ಸಂಶೋಧನಾ ಕೇಂದ್ರದಿಂದಲೇ ಬಂದ ಸಹ್ಯಾದ್ರಿ ಪಂಚಮುಖಿ ನೋಡಿ, ನೆರೆ ಬರುವ ತಗ್ಗು ಗದ್ದೆಗೇ ಅಂತ ಮಾಡಿದ ಕೆಂಪಕ್ಕಿ ತಳಿ ಅದು. ಮಜಲಿಗೆ ಕೇರಳದ ಮಂಕೊಂಬಿನಿಂದ ಬಂದ ಎಂಒ-4 ಸಾಕು, ಕುಚ್ಚಲಕ್ಕಿಗೆ ಮಿಲ್ಲಿನವರೂ ಕೇಳುತ್ತಾರೆ. ಮನೆಬೀಜವನ್ನೇ ಎಷ್ಟೋ ವರ್ಷದಿಂದ ಬಿತ್ತುತ್ತಿದ್ದರೆ ಬೆರಕೆ ಆಗಿರುತ್ತದೆ. ಮೂರು ವರ್ಷಕ್ಕೊಮ್ಮೆ ಆದರೂ ಹೊಸ ಬೀಜ ತನ್ನಿ.

ಮಣ್ಣು. ಕರಾವಳಿಯ ಮುರಕಲ್ಲು ಮಣ್ಣು ಹುಳಿ ಮಣ್ಣು. ಹಾಕಿದ ರಂಜಕವನ್ನು ಅದರಲ್ಲಿರುವ ಕಬ್ಬಿಣ, ಅಲ್ಯುಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಗಿಡಕ್ಕೆ ಬಿಡುವುದಿಲ್ಲ. ಸಾರಜನಕ, ಪೊಟ್ಯಾಷ್ ಮಳೆಗೆ ತೊಳೆದು ತೋಡಿಗೆ ಹೋಗುತ್ತವೆ. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ ಅವರು ಹೇಳಿದಷ್ಟು ಸುಣ್ಣ ಹಾಕಿ, ಎರಡು ವಾರ ಬಿಟ್ಟು ಗೊಬ್ಬರ ಕೊಡಿ. ಯೂರಿಯಾ ಹಾಕುವುದಿದ್ದರೆ ಒಂದೇ ಸಲ ಸುರಿಯದೆ ಎರಡು ಮೂರು ಕಂತು ಮಾಡಿ, ಪೊಟ್ಯಾಷ್ ಕೂಡ ಹಾಗೆಯೇ. ಮೇ ತಿಂಗಳ ಮಳೆಗೆ ಎಕರೆಗೆ 10-12 ಕೆ.ಜಿ. ಡೈಂಚ (ಹಸಿರೆಲೆ ಗೊಬ್ಬರದ ಗಿಡ) ಬೀಜ ಚೆಲ್ಲಿ, 45 ದಿನದಲ್ಲಿ ಅಲ್ಲೇ ಉತ್ತು ಕೊಳೆಸಿ. ಇದಕ್ಕೆ ಆಳು ಬೇಡ, ಹೊರೆ ಹೊರುವ ಕೆಲಸ ಇಲ್ಲ. ಕೈ ಕಡಿಮೆ ಇರುವ ಮನೆಗೆ ಇಷ್ಟು ಅನುಕೂಲದ ಗೊಬ್ಬರ ಬೇರೆ ನನಗೆ ಕಾಣುವುದಿಲ್ಲ.

ಕೊಯ್ಲು ಆದ ಮೇಲೆ ಉಳಿದ ತೇವದಲ್ಲಿ ಉದ್ದು ಹಾಕಬಹುದು, ಎರಡನೇ ಬೆಳೆಯೂ ಆಯಿತು, ಬೇರಿನ ಗಂಟಿನಲ್ಲಿ ಸಾರಜನಕವೂ ಉಳಿಯಿತು. ಆದರೆ ಒಂದು ವಿಷಯ. ನವೆಂಬರ್ ಬಂತು ಅಂದರೆ ಊರಿನ ದನಗಳನ್ನೆಲ್ಲ ಬೈಲಿಗೆ ಬಿಡುತ್ತಾರೆ, ಅಲ್ವಾ? ನೀವೊಬ್ಬರೇ ಉದ್ದು ಹಾಕಿದರೆ ಊರಿನ ದನಕ್ಕೆ ಮೇವು ಬೆಳೆಸಿದ ಹಾಗೆ. ಬೇಲಿಗೆ ದುಡ್ಡು ಹಾಕುವ ಮೊದಲು ನೆರೆಮನೆಯವರ ಹತ್ತಿರ ಮಾತಾಡಿ. ಒಪ್ಪದಿದ್ದರೆ ಮನೆಗೆ ಹತ್ತಿರದ ಒಂದು ಗದ್ದೆಗೆ ಮಾತ್ರ ಬಲೆ ಕಟ್ಟಿ ಶುರು ಮಾಡಿ.

ಭಾವನವರಿಗೆ ಏನು ಹೇಳುವುದು? ಬೈಲಿಗೆ ಮಣ್ಣು ತುಂಬಿಸಿದ ಮೇಲೆ ಅದನ್ನು ಮತ್ತೆ ಗದ್ದೆ ಮಾಡಲು ಆಗುವುದಿಲ್ಲ. ಬೇರಿನಲ್ಲಿ ನೀರು ನಿಂತರೆ ಅಡಿಕೆ ಏಳುವುದಿಲ್ಲ, ನೀರು ಬಸಿಯುವ ಕಣಿ ಎಷ್ಟು ಆಳ ತೆಗೆದರೂ ಬೈಲಿನ ನೀರು ಹೋಗುವುದಾದರೂ ಎಲ್ಲಿಗೆ? ಫಸಲು ಶುರುವಾಗಲು ಐದು ವರ್ಷ, ಅಲ್ಲಿಯವರೆಗೆ ಗೊಬ್ಬರ, ಬೇಸಗೆಯ ನೀರು, ಆಳು ಎಲ್ಲ ಕೈಯಿಂದ. ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತ ನೀರು ಇಂಗಿ ಸುತ್ತಲಿನ ಬಾವಿಗಳಿಗೆ ಹೋಗುತ್ತದೆ, ಅದನ್ನೂ ಕಳೆದುಕೊಳ್ಳುತ್ತೀರಿ. ಇಡಲೇಬೇಕು ಅಂತಿದ್ದರೆ ಮಜಲಿನ ಮೇಲಂಚಿನಲ್ಲಿ ನೀರು ಬಸಿಯುವ ಕಡೆ ಇಪ್ಪತ್ತು ಸೆಂಟ್ಸ್ ಇಡಲಿ. ನಿಮ್ಮ ಬಾವಿಯಲ್ಲಿ ಏಪ್ರಿಲ್‌ನಲ್ಲಿ ನೀರಿದ್ದರೆ ಮಾತ್ರ.

ಎಲ್ಲವನ್ನೂ ಒಂದೇ ವರ್ಷ ಮಾಡಬೇಡಿ. ಮೊದಲ ವರ್ಷ ಬೀಜ ಮತ್ತು ಡೈಂಚ, ಅದೂ ಒಂದು ಗದ್ದೆ ಹಳೆಯ ಹಾಗೆಯೇ ಬಿಟ್ಟು. ಕೊಯ್ಲಿನ ದಿನ ಹಳೆಯದರಲ್ಲಿ ಒಂದು ಸೆಂಟ್ಸ್, ಹೊಸದರಲ್ಲಿ ಒಂದು ಸೆಂಟ್ಸ್ ಅಳೆದು ಬೇರೆ ಬೇರೆ ಬಡಿದು ಒಣಗಿಸಿ ತೂಗಿ. ಲೆಕ್ಕ ಬಹಳ ಸುಲಭ: ಒಂದು ಸೆಂಟ್ಸಿಗೆ ಎಷ್ಟು ಕೆ.ಜಿ. ಬಂತೋ ಎಕರೆಗೆ ಅಷ್ಟೇ ಕ್ವಿಂಟಾಲ್. 14 ಇದ್ದದ್ದು 17 ಆದರೆ ಮುಂದಿನ ವರ್ಷ ಯಾರ ಸಲಹೆಯೂ ಬೇಡ ನಿಮಗೆ.

ಪ್ರಶ್ನೆ: ಜೀವಾಮೃತ ಹಾಕಿದರೆ ಬೇರೆ ಯಾವ ಗೊಬ್ಬರವೂ ಬೇಡ ಅಂತ ವಿಡಿಯೋದಲ್ಲಿ ಹೇಳಿದರು. ಮೂಡಬಿದಿರೆಯಲ್ಲಿ ನಮ್ಮದು ಒಂದು ಎಕರೆ ಭತ್ತ. ಯೂರಿಯಾ ಪೂರ್ತಿ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಬಹುದು. ಜೀವಾಮೃತವನ್ನೇ ನಂಬಿಕೊಂಡು ಅಲ್ಲ.

ಒಂದು ಡ್ರಮ್ ಜೀವಾಮೃತಕ್ಕೆ 200 ಲೀಟರ್ ನೀರು, 10 ಕೆ.ಜಿ. ಸೆಗಣಿ, 10 ಲೀಟರ್ ಗಂಜಲ, ಎರಡು ಕೆ.ಜಿ. ಬೆಲ್ಲ, ಎರಡು ಕೆ.ಜಿ. ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು ಹಾಕುತ್ತಾರೆ. ಇದೆಲ್ಲದರಲ್ಲಿ ಇರುವ ಸಾರಜನಕ ಸೇರಿಸಿದರೆ ಕಾಲು ಕೆ.ಜಿ. ಆಸುಪಾಸು. ನಿಮ್ಮ ಎಕರೆಯಿಂದ 15 ಕ್ವಿಂಟಾಲ್ ಭತ್ತ ಮತ್ತು ಹುಲ್ಲು ಎದ್ದು ಹೋಗುವಾಗ ಮಣ್ಣಿನಿಂದ ಸುಮಾರು 25 ಕೆ.ಜಿ. ಸಾರಜನಕ ಹೋಗಿರುತ್ತದೆ. ತಿಂಗಳಿಗೊಂದು ಡ್ರಮ್ ಹಾಕಿದರೂ ಒಂದು ಕೆ.ಜಿ. ವಾಪಸ್ ಬಂತು. ಜೀವಾಮೃತದ ಪರವಾಗಿ ಮಾತಾಡುವವರು, ಅದು ಗೊಬ್ಬರ ಅಲ್ಲ, ಮಣ್ಣಿನ ಸೂಕ್ಷ್ಮಜೀವಿಗಳನ್ನು ಎಬ್ಬಿಸುವ ಮೊಸರಿನ ಹೆಪ್ಪು ಇದ್ದ ಹಾಗೆ ಅನ್ನುತ್ತಾರೆ. ಇರಲಿ, ಒಪ್ಪೋಣ. ಹೆಪ್ಪು ಹಾಕಲು ಹಾಲು ಬೇಕಲ್ಲ?

ಆ ಹಾಲು ಅಂದರೆ ಸೊಪ್ಪು, ಹಟ್ಟಿಗೊಬ್ಬರ, ದ್ವಿದಳ ಬೆಳೆ. ಚೆನ್ನಾಗಿ ಬಂದ ಡೈಂಚ ಒಂದು ಎಕರೆಗೆ 20 ಕೆ.ಜಿ.ಗಿಂತ ಜಾಸ್ತಿ ಸಾರಜನಕ ಕೊಡುತ್ತದೆ. ಒಂದು ಟನ್ ಹಟ್ಟಿಗೊಬ್ಬರದಲ್ಲಿ ಸುಮಾರು ಐದು ಕೆ.ಜಿ. ಇದೆ, ಪೂರ್ತಿ ಮೊದಲ ವರ್ಷವೇ ಸಿಗುವುದಿಲ್ಲ. ಹುಣಿ ಮೇಲೆ, ಬೇಲಿಯಲ್ಲಿ ಸೊಪ್ಪಿನ ಮರ ಗ್ಲಿರಿಸೀಡಿಯಾದ ಗೂಟ ನೆಟ್ಟರೆ ಗುಡ್ಡಕ್ಕೆ ಹೋಗಿ ಸೊಪ್ಪು ತರುವ ಕೆಲಸ ತಪ್ಪುತ್ತದೆ. ಇವೆಲ್ಲ ಇದ್ದರೆ ಯೂರಿಯಾ ಬಿಡಿ, ಮೇಲಿಂದ ಜೀವಾಮೃತ ಬೇಕಾದರೆ ಹಾಕಿ. ಇಲ್ಲದಿದ್ದರೆ ಈ ವರ್ಷ ಯೂರಿಯಾ ಅರ್ಧ ಮಾಡಿ, ಮುಂದಿನ ವರ್ಷ ನೋಡೋಣ. 45 ಕೆ.ಜಿ.ಯ ಒಂದು ಚೀಲದಲ್ಲಿ 20 ಕೆ.ಜಿ. ಚಿಲ್ಲರೆ ಸಾರಜನಕ ಇರುತ್ತದೆ ಅಂತ ನೆನಪಿಟ್ಟುಕೊಂಡರೆ ಎಷ್ಟು ಕಡಿಮೆ ಮಾಡುತ್ತಿದ್ದೀರಿ ಅಂತ ನಿಮಗೇ ಗೊತ್ತಾಗುತ್ತದೆ.

ಹುಲ್ಲು ಮಾರುವವರು ಇನ್ನೊಂದು ಕೇಳಿ. ಭತ್ತದ ಗಿಡ ಹೀರಿದ ಪೊಟ್ಯಾಷ್‌ನಲ್ಲಿ ಹೆಚ್ಚಿನ ಪಾಲು ಹುಲ್ಲಿನಲ್ಲೇ ಇರುತ್ತದೆ. ಹುಲ್ಲು ಲಾರಿ ಹತ್ತಿತು ಅಂದರೆ ಅದೂ ಹತ್ತಿತು. ಒಲೆ ಬೂದಿ ಎಸೆಯಬೇಡಿ, ಗದ್ದೆಗೆ ಹಾಕಿ.

ಪ್ರಶ್ನೆ: ಬಂಟ್ವಾಳದಲ್ಲಿ ಅರ್ಧ ಎಕರೆ ಅಡಿಕೆ, ಹನ್ನೆರಡು ವರ್ಷದ ಮರ, 9 ಅಡಿ ಅಂತರ. ಮಧ್ಯೆ ಕೊಕ್ಕೋ ಇಡಲೋ, ಕಾಳುಮೆಣಸಿನ ಬಳ್ಳಿ ಹಬ್ಬಿಸಲೋ?

ಉತ್ತರ: ತೋಟಕ್ಕೆ ದಿನಾ ಹೋಗುವವರಾ, ವಾರಕ್ಕೊಮ್ಮೆ ಹೋಗುವವರಾ? ಅದರ ಮೇಲೆ ಇದೆ.

ಕೊಕ್ಕೋ ವರ್ಷವಿಡೀ ಕಾಯಿ ಬಿಡುತ್ತದೆ, ಹದಿನೈದು ದಿನಕ್ಕೊಮ್ಮೆ ಕೊಯ್ಯಬೇಕು, ವರ್ಷಕ್ಕೆ ಎರಡು ಸಲ ಗೆಲ್ಲು ಸವರಬೇಕು. ಬಿಟ್ಟರೆ ಅಳಿಲು, ಇಲಿ, ಮಂಗ ಕೊಯ್ಲು ಮಾಡುತ್ತವೆ. ಆದರೆ ಕೈಗೆ ಆಗಾಗ ದುಡ್ಡು ಬರುತ್ತದೆ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಪುತ್ತೂರಿನಲ್ಲಿ 1986ರಿಂದ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿರುವುದರಿಂದ ಮಾರಲು ದೂರ ಹೋಗಬೇಕಾಗಿಲ್ಲ. ಅದರ ಉದುರಿದ ಎಲೆ ಅಲ್ಲೇ ಕೊಳೆತು ಗೊಬ್ಬರ ಆಗುತ್ತದೆ. ಎಲ್ಲ ಸಾಲಿನಲ್ಲಿ ಇಡಬೇಡಿ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ, ನಾಲ್ಕು ಅಡಿಕೆ ಮರದ ನಡುವೆ ಒಂದು.

ಕಾಳುಮೆಣಸಿಗೆ ವರ್ಷದಲ್ಲಿ ಒಂದೇ ಕೊಯ್ಲು, ಒಣಗಿಸಿ ಇಟ್ಟು ಬೆಲೆ ಬಂದಾಗ ಮಾರಬಹುದು. ಏಣಿ ಹತ್ತುವ ಜನ ಬೇಕು, ಅವರು ಸಿಗುವುದೇ ಈಗ ದೊಡ್ಡ ಕಷ್ಟ. ಬುಡದಲ್ಲಿ ನೀರು ನಿಂತರೆ ಸೊರಗು ರೋಗಕ್ಕೆ ಬಳ್ಳಿ ಹೋಗುತ್ತದೆ. ಹಾಗಾಗಿ ಮೊದಲು ಕಣಿ ಬಿಡಿಸಿ, ಆಮೇಲೆ ಬಳ್ಳಿ ತನ್ನಿ.

ನೀವು ವಾರಕ್ಕೊಮ್ಮೆ ಹೋಗುವವರಾದರೆ ಮೆಣಸೇ ಸರಿ. ಎರಡರಲ್ಲಿ ಯಾವುದನ್ನು ಇಟ್ಟರೂ ಅದಕ್ಕೆ ಬೇರೆ ಗೊಬ್ಬರ ಕೊಡಬೇಕು. ಅಡಿಕೆಗೆ ಹಾಕಿದ್ದರಲ್ಲೇ ಎರಡೂ ಹೊಟ್ಟೆ ತುಂಬಿಸಿಕೊಳ್ಳಲಿ ಅಂದರೆ ಮೂರನೇ ವರ್ಷಕ್ಕೆ ಅಡಿಕೆ ಗೊನೆ ಸಣ್ಣದಾಗುತ್ತದೆ, ಆಮೇಲೆ ಬೈಗುಳ ಮೆಣಸಿನ ಬಳ್ಳಿಗೆ. ಬೋರ್ಡೋ ಹೊಡೆಯುವವರು ಬರುವ ದಿನ ಬಳ್ಳಿಗೂ ಹೊಡೆಯಲು ಹೇಳಿ, 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣದ ಅದೇ ದ್ರಾವಣ ಅದಕ್ಕೂ ಆಗುತ್ತದೆ.