ಸೀಟಿನ ಕೆಳಗೆ ಬೆಂಕಿ

ಪ್ರಶ್ನೆ: ಮಗಳಿಗೆ ಗೋಣಿಕೊಪ್ಪದಲ್ಲಿ ಕೆಲಸ ಸಿಕ್ಕಿದೆ. ಓಡಾಡಲು ಎಲೆಕ್ಟ್ರಿಕ್ ಸ್ಕೂಟರ್ ಬೇಕು ಅನ್ನುತ್ತಾಳೆ. ನಮ್ಮ ಅತ್ತೆ ಮಾತ್ರ "ಬೆಂಕಿ ಹತ್ತುವ ಗಾಡಿ ಈ ಅಂಗಳಕ್ಕೆ ಬರಕೂಡದು" ಎಂದು ಹಟ ಹಿಡಿದಿದ್ದಾರೆ. ಮೋಟಾರ್ ಸೈಕಲ್ ಹೊಸದಾಗಿ ಬಂದಾಗಲೂ ಜನ ಹೀಗೇ ಹೆದರಿದ್ದರಾ? ಅತ್ತೆಗೆ ಏನು ಹೇಳಲಿ?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಅತ್ತೆಯ ಮಾತಿಗೆ ನಗಬೇಡಿ ಅಮ್ಮಾ. ಸೀಟಿನ ಕೆಳಗೆ ಬೆಂಕಿ ಅನ್ನುವ ಭಯ ಮೋಟಾರ್ ಸೈಕಲ್ಲಿನಷ್ಟೇ ಹಳೆಯದು. ಸುಮ್ನೆ ಹುಟ್ಟಿದ್ದೂ ಅಲ್ಲ.

1885ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೇಬ್ಯಾಕ್ ಒಂದು ಗಾಡಿ ಮಾಡಿದರು. ಮರದ ಚೌಕಟ್ಟು, ಬೀಳದಿರಲಿ ಎಂದು ಅಕ್ಕಪಕ್ಕ ಎರಡು ಪುಟ್ಟ ಚಕ್ರ. 264 ಸಿಸಿ ಎಂಜಿನ್, ಶಕ್ತಿ ಅರ್ಧ ಎಚ್‌ಪಿ. ಅದಕ್ಕೆ ಸ್ಪಾರ್ಕ್ ಪ್ಲಗ್ ಇರಲಿಲ್ಲ. ಸಣ್ಣ ಕೊಳವೆಯೊಂದನ್ನು ಉರಿಯುವ ದೀಪದಿಂದ ಕೆಂಪಗೆ ಕಾಯಿಸಬೇಕು, ಅದರ ಬಿಸಿಗೆ ಪೆಟ್ರೋಲ್ ಹೊತ್ತಿಕೊಳ್ಳಬೇಕು. ಇಷ್ಟೆಲ್ಲ ನಡೆಯುತ್ತಿದ್ದದ್ದು ಸವಾರನ ಸೀಟಿನ ಕೆಳಗೆ! ಡೈಮ್ಲರ್ ಮಗ ಓಡಿಸುವಾಗ ಸೀಟಿಗೇ ಬೆಂಕಿ ತಗುಲಿತು ಎಂದು ಹೇಳುತ್ತಾರೆ. ನಿಮ್ಮ ಅತ್ತೆ ಅಲ್ಲಿದ್ದಿದ್ದರೂ ಇದೇ ಮಾತು ಆಡುತ್ತಿದ್ದರು, ಅಲ್ವಾ?

1894ರಲ್ಲಿ ಮ್ಯೂನಿಕ್‌ನಲ್ಲಿ ಹಿಲ್ಡೆಬ್ರಾಂಡ್-ವೋಲ್ಫ್‌ಮ್ಯೂಲರ್ ಗಾಡಿ ಮಾರಾಟಕ್ಕೆ ಬಂತು. ಅದಕ್ಕೂ ಕಾದ ಕೊಳವೆಯೇ. ಕ್ಲಚ್ ಬೇರೆ ಇಲ್ಲ. ತಳ್ಳಿಕೊಂಡು ಓಡಿ, ಎಂಜಿನ್ ಹತ್ತಿದ ಮೇಲೆ ಜಿಗಿದು ಕೂರಬೇಕು. ಮಡಿಕೇರಿಯ ಏರಿನಲ್ಲಿ ಅದನ್ನು ಒಮ್ಮೆ ನಿಲ್ಲಿಸಿದರೆ ಆ ದಿನದ ಸವಾರಿ ಮುಗಿದಂತೆ. 1902ರಲ್ಲಿ ಬಾಷ್ ಕಂಪನಿಯ ಮ್ಯಾಗ್ನೆಟೋ (ಕಿಡಿಗೆ ಬೇಕಾದ ಕರೆಂಟ್ ಹುಟ್ಟಿಸುವ ಪಾರ್ಟು) ಮತ್ತು ಸ್ಪಾರ್ಕ್ ಪ್ಲಗ್ ಜೋಡಿ ಬಂತು. ಉರಿಯುವ ದೀಪ ಬೇಡವಾಯಿತು. ಆ ಭಯ ತೀರಿಸಿದ್ದು ಧೈರ್ಯದ ಮಾತಲ್ಲ, ಒಂದು ಪಾರ್ಟು.

ಇಂಗ್ಲೆಂಡಿನವರ ಭಯ ಬೇರೆ ಥರ. 1865ರ ಕಾನೂನಿನಂತೆ ಹಬೆ ಗಾಡಿಯ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಊರೊಳಗೆ ವೇಗ ಗಂಟೆಗೆ 2 ಮೈಲಿ. ಅಲ್ಲಿ ಜನರಿಗಿಂತ ಜಾಸ್ತಿ ಹೆದರುತ್ತಿದ್ದದ್ದು ಕುದುರೆಗಳು. ಅದೂ ಪೂರ್ತಿ ಮೂರ್ಖತನವೇನಲ್ಲ. ಬೆದರಿದ ಕುದುರೆ ಗಾಡಿ ಉರುಳಿಸುತ್ತದೆ.

ನಾನು ವಿರಾಜಪೇಟೆಯಲ್ಲಿ ವರ್ಕ್‌ಶಾಪ್ ಇಟ್ಟಿದ್ದಾಗ ಮೈಸೂರಿನ ಯೆಜ್ಡಿಗಳೇ ಜಾಸ್ತಿ ಬರುತ್ತಿದ್ದವು. ಒದ್ದು ಸ್ಟಾರ್ಟ್ ಮಾಡುವ ಲಿವರೇ ಅದರ ಗೇರ್ ಲಿವರ್. ಹೊಸಬರು ಅದಕ್ಕೆ ಹೆದರುತ್ತಿದ್ದರು, ಸದ್ದಿಗೆ ಹೆದರುತ್ತಿದ್ದರು. ಜೂನ್ ಮಳೆಯಲ್ಲಿ ಡ್ರಮ್ ಬ್ರೇಕ್ ಒದ್ದೆಯಾದರೆ ಹಿಡಿಯುವುದಿಲ್ಲ ಎಂಬುದಕ್ಕೆ ಯಾರೂ ಹೆದರುತ್ತಿರಲಿಲ್ಲ. ಬಿದ್ದು ಬರುತ್ತಿದ್ದದ್ದು ಮಾತ್ರ ಅದರಿಂದಲೇ.

ಈಗ ಸ್ಕೂಟರ್ ವಿಷಯ. 2022ರಲ್ಲಿ ದೇಶದ ಕೆಲವು ಕಡೆ ಬೆಂಕಿ ಹತ್ತಿದ್ದು ನಿಜ. ಅತ್ತೆ ಟಿವಿಯಲ್ಲಿ ನೋಡಿರುವುದು ಅದನ್ನೇ ಇರಬೇಕು. ಆ ವರ್ಷದ ಡಿಸೆಂಬರ್‌ನಿಂದ ಬ್ಯಾಟರಿ ಗಾಡಿಗಳ ಸುರಕ್ಷತೆಯ ಎಐಎಸ್-156 ನಿಯಮವನ್ನು ಎರಡು ಹಂತಗಳಲ್ಲಿ ಬಿಗಿ ಮಾಡಿದರು. ಬ್ಯಾಟರಿಯೊಳಗಿನ ಒಂದು ಸೆಲ್ ಕೆಟ್ಟು ಕಾದರೂ ಇಡೀ ಪ್ಯಾಕ್ ಹೊತ್ತಿಕೊಳ್ಳಬಾರದು ಎಂಬ ಪರೀಕ್ಷೆಯೂ ಸೇರಿತು. ಹಾಗಾಗಿ ಅಗ್ಗಕ್ಕೆ ಸಿಗುತ್ತದೆ ಎಂದು ಹಳೆಯ ಸೆಕೆಂಡ್ ಹ್ಯಾಂಡ್ ಗಾಡಿ ತರಬೇಡಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಸಿಕ್ಕರೆ ಒಳ್ಳೆಯದು, ಅದು ಬೇಗ ಹೊತ್ತಿಕೊಳ್ಳುವ ಜಾತಿಯಲ್ಲ.

ಚಾರ್ಜಿಂಗ್ ಜಾಗ ಅತ್ತೆಯೇ ತೋರಿಸಲಿ. ಒಣಗಿದ ಕಾಫಿ ಚೀಲ ಪೇರಿಸಿದ ಕೋಣೆ ಬೇಡ, ಕಳೆ ಕೊಚ್ಚುವ ಮೆಷಿನ್ನಿನ ಪೆಟ್ರೋಲ್ ಕ್ಯಾನ್ ಇಡುವ ಮೂಲೆಯೂ ಬೇಡ. (ಆ ಕ್ಯಾನಿಗೆ ಮನೆಯಲ್ಲಿ ಯಾರೂ ಹೆದರುವುದಿಲ್ಲ, ನೋಡಿ!) ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡಿ.

ಮನೆ ಗುಡ್ಡದ ಮೇಲಿದ್ದರೆ ಇನ್ನೊಂದು ಮಾತು. ಇಳಿಜಾರಿನಲ್ಲಿ ಮೋಟಾರ್ ಬ್ಯಾಟರಿಗೆ ಚಾರ್ಜ್ ತುಂಬುತ್ತಾ ಗಾಡಿಯನ್ನು ತಡೆಯುತ್ತದೆ; ಬ್ಯಾಟರಿ ಪೂರ್ತಿ ತುಂಬಿರುವಾಗ ಆ ತಡೆ ಕಡಿಮೆಯಾಗುತ್ತದೆ. ಬೆಳಿಗ್ಗೆ ಇಳಿಯುವಾಗ ಬ್ರೇಕನ್ನೇ ನಂಬಬೇಕು. ಮುಂದೆ ಡಿಸ್ಕ್ ಬ್ರೇಕ್ ಇರುವ ಗಾಡಿಯನ್ನೇ ನೋಡಲು ಮಗಳಿಗೆ ಹೇಳಿ.