ಊಟಕ್ಕೆ ಕೂತಾಗ ಒಲೆ ಆರಿರಲಿ

ಎರಡು ಬೆಡ್‌ರೂಮಿನ ಮನೆ, ಊರು ಬೆಂಗಳೂರು, ಇಬ್ಬರೂ ಕೆಲಸಕ್ಕೆ ಹೋಗುವವರು, ಬರುವ ಶನಿವಾರ ರಾತ್ರಿ ಮಕ್ಕಳೂ ಸೇರಿ 14 ಜನ ಊಟಕ್ಕೆ ಬರುತ್ತಾರೆ, ಮನೆಯಲ್ಲೇ ಅಡುಗೆ ಮಾಡಿ ಬಡಿಸೋಕೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ಮೈಸೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಅಲ್ಲೇ ನಾನು ಹತ್ತು ಹನ್ನೆರಡು ಸಲ ಇಷ್ಟು ಜನಕ್ಕೆ ಮಾಡಿದ್ದೇನೆ.

ಏನೇನು ಅಡುಗೆ ಅಂತ ಪಟ್ಟಿ ಬರೆಯುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಬಂದವರು ತಟ್ಟೆ ಹಿಡಿಯುವ ಹೊತ್ತಿಗೆ ಒಲೆ ಆರಿರಬೇಕು. ಅಡುಗೆ ಮಾಡಿದವರೂ ಅದೇ ಹೊತ್ತಿಗೆ ತಟ್ಟೆ ಹಿಡಿದು ಕೂತಿರಬೇಕು. ಇದಕ್ಕೆ ಹೊಂದದ ಅಡುಗೆ ಎಷ್ಟೇ ರುಚಿಯಾಗಿರಲಿ, ಆವತ್ತಿಗೆ ಬೇಡ.

ಇದನ್ನು ನಾನು ಕಲಿತದ್ದು ಪೂರಿ ಮಾಡಿ. ಮೊದಲ ಸಲ 12 ಜನರನ್ನು ಕರೆದಿದ್ದೆವು. ಪೂರಿ ಸಾಗು ಅಂದರೆ ಎಲ್ಲರಿಗೂ ಇಷ್ಟ ಅಲ್ವಾ, ಅದನ್ನೇ ಇಟ್ಟುಕೊಂಡೆವು. ತಲೆಗೆ ನಾಲ್ಕು ಅಂದರೂ 48 ಪೂರಿ. ನಮ್ಮ ಬಾಂಡಲೆಗೆ ಹಿಡಿಸುವುದು ಒಂದು ಸಲಕ್ಕೆ ಒಂದೇ. ಬಿಟ್ಟು, ತಿರುವಿ, ಎಣ್ಣೆ ಸೋರಿಸಿ ತೆಗೆಯೋಕೆ ಮುಕ್ಕಾಲು ನಿಮಿಷ ಹಿಡಿದರೆ 36 ನಿಮಿಷ. ಈ ಲೆಕ್ಕವನ್ನು ಮೊದಲೇ ಹಾಕಿರಲಿಲ್ಲ. ನಾನು ಲಟ್ಟಿಸುತ್ತಿದ್ದೆ, ಅತ್ತೆ ಒಂದು ಕೈಯನ್ನು ಕಟ್ಟೆಗೆ ಊರಿಕೊಂಡು ಕರಿಯುತ್ತಲೇ ನಿಂತಿದ್ದರು. ಹಾಲಿನಲ್ಲಿ ಜೋರಾಗಿ ನಗು ಕೇಳಿಸುತ್ತಿತ್ತು. ಯಾರು ಏನು ಹೇಳಿದರು ಅಂತ ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಎಲ್ಲರನ್ನೂ ಕಳಿಸಿ ಹನ್ನೊಂದು ಗಂಟೆಗೆ ಕೂತಾಗ ಉಳಿದಿದ್ದು ಚಪ್ಪಟೆಯಾದ ಮೂರು ಪೂರಿ, ತಣ್ಣಗಾದ ಸಾಗು. "ಎಣ್ಣೆ ಹೊಗೆಗೆ ಹಸಿವೇ ಹೋಯ್ತು ಕಣಮ್ಮ" ಅಂತ ಹೇಳಿ ಅತ್ತೆ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಪೂರಿ, ದೋಸೆ, ಬಿಸಿಬಿಸಿ ಬೋಂಡ ಎಲ್ಲ ಬಿಡಿ. ಮೊದಲೇ ಮಾಡಿಟ್ಟರೆ ಕೆಡದಿರುವ, ಇನ್ನೂ ರುಚಿಯಾಗುವ ಅಡುಗೆ ನಮ್ಮಲ್ಲಿ ಬೇಕಾದಷ್ಟಿದೆ. ನಿಮ್ಮ 14 ಜನಕ್ಕೆ ನಾನಾದರೆ ಬಿಸಿಬೇಳೆಬಾತ್, ಕೋಸಂಬರಿ, ಹಪ್ಪಳ ಸಂಡಿಗೆ, ಮೊಸರನ್ನ, ಹೋಳಿಗೆ ಇಷ್ಟು ಮಾಡುತ್ತೇನೆ. ಇದರಲ್ಲಿ ಹೋಳಿಗೆಯನ್ನು ಹೋಳಿಗೆ ಅಂಗಡಿಯಿಂದ ತನ್ನಿ. ಅದೊಂದು ಹೊರಗಿನದಾದರೆ ತಪ್ಪೇನಿಲ್ಲ. 20 ತಂದರೆ ಸಾಕು, ಮೇಲೆ ಹಾಕೋಕೆ ತುಪ್ಪ ಮಾತ್ರ ಮನೆಯದಿರಲಿ.

ಬಾತಿಗೆ 700 ಗ್ರಾಂ ಅಕ್ಕಿ, ಅರ್ಧ ಕೆಜಿ ತೊಗರಿಬೇಳೆ, ಎಲ್ಲ ಸೇರಿ ಒಂದು ಕೆಜಿ ತರಕಾರಿ. ಹುರುಳಿಕಾಯಿ, ಕ್ಯಾರೆಟ್, ಬಟಾಣಿ ಇದ್ದೇ ಇರುತ್ತೆ. ನವಿಲುಕೋಸು ಮರೆಯಬೇಡಿ, ಅದಿಲ್ಲದಿದ್ದರೆ ನನಗೆ ಬಿಸಿಬೇಳೆಬಾತ್ ಅನ್ನಿಸುವುದೇ ಇಲ್ಲ. ಪುಡಿಯನ್ನು ಬುಧವಾರವೇ ಮಾಡಿಡಿ. ಬ್ಯಾಡಗಿ ಮೆಣಸಿನಕಾಯಿ ಜಾಸ್ತಿ ಹಾಕಿದರೆ ಬಣ್ಣ ಚೆನ್ನಾಗಿ ಬರುತ್ತೆ, ಖಾರ ಏರುವುದಿಲ್ಲ, ಮಕ್ಕಳೂ ತಿನ್ನುತ್ತಾರೆ. ಮರಾಠಿ ಮೊಗ್ಗು ಮೂರು ನಾಲ್ಕು ಸಾಕು. ಅಕ್ಕಿ, ಬೇಳೆ ಎರಡನ್ನೂ 5 ಲೀಟರಿನ ಒಂದೇ ಕುಕ್ಕರಿಗೆ ತುಂಬೋಕೆ ಹೋಗಬೇಡಿ. ಇವು ನೊರೆ ಉಕ್ಕಿಸುತ್ತವೆ, ನೀರೂ ಸೇರಿ ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬಾರದು. ಬೇರೆ ಬೇರೆ ಬೇಯಿಸಿ ಆಮೇಲೆ ದೊಡ್ಡ ತಪ್ಪಲೆಯಲ್ಲಿ ಸೇರಿಸಿ. 10 ಲೀಟರಿನ ತಪ್ಪಲೆ ಬೇಕಾಗುತ್ತೆ. ಮನೆಯಲ್ಲಿ ಇಲ್ಲದಿದ್ದರೆ ಶಾಮಿಯಾನ ಅಂಗಡಿಯವರು ಪಾತ್ರೆಗಳನ್ನೂ ಬಾಡಿಗೆಗೆ ಕೊಡುತ್ತಾರೆ.

ಕೊನೆಯ ಕುದಿಗೆ ತಪ್ಪಲೆಯ ಅಡಿಯಲ್ಲಿ ದೋಸೆ ಕಾವಲಿ ಇಟ್ಟು ಉರಿ ಸಣ್ಣ ಮಾಡಿ, ತಳ ಹಿಡಿಯುವುದಿಲ್ಲ. ಏಳೂಕಾಲಿಗೆ ಒಲೆ ಆರಿಸಿ, ಮುಚ್ಚಳ ಮುಚ್ಚಿ, ಹಳೆಯ ಕಂಬಳಿ ಸುತ್ತಿಡಿ. ಎಂಟೂವರೆಗೆ ತೆಗೆದಾಗಲೂ ಹೊಗೆಯಾಡುತ್ತಿರುತ್ತೆ. ಆದರೆ ಗಟ್ಟಿಯಾಗಿರುತ್ತೆ. ಅದಕ್ಕೆ ಒಂದು ಫ್ಲಾಸ್ಕ್ ತುಂಬ ಬಿಸಿನೀರು ತಯಾರಿರಲಿ. ನೀರು ಸೇರಿಸಿ ಕಲಸುತ್ತಾ ಬನ್ನಿ. ಸೌಟಿನಿಂದ ಜಾರಿ ಬೀಳುವ ಹದ ಬಂದಾಗ ಉಪ್ಪು ನೋಡಿ, ತುಪ್ಪದ ಒಗ್ಗರಣೆ ಹಾಕಿ. ಆ ಒಗ್ಗರಣೆಯ ಎರಡು ನಿಮಿಷ ಬಿಟ್ಟರೆ ಒಲೆಯ ಕೆಲಸ ಮುಗಿಯಿತು.

ಮೊಸರನ್ನದ್ದು ಒಂದೇ ಭಯ, ರಾತ್ರಿಗೆ ಹುಳಿಯಾಗಿಬಿಡುತ್ತೆ. ಅದಕ್ಕೆ 400 ಗ್ರಾಂ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಕಿವುಚಿ, ಉಗುರುಬೆಚ್ಚಗಿನ ಒಂದೂವರೆ ಲೀಟರ್ ಹಾಲು ಸುರಿದು, ಹೆಪ್ಪಿಗೆ ಎರಡು ಚಮಚ ಮೊಸರು ಮಾತ್ರ ಹಾಕಿ. ಮಧ್ಯಾಹ್ನ ಮೂರಕ್ಕೆ ಮಾಡಿಟ್ಟರೆ ಊಟದ ಹೊತ್ತಿಗೆ ಅನ್ನದೊಳಗೇ ಸಿಹಿ ಮೊಸರಾಗಿರುತ್ತೆ. ಉಪ್ಪು, ಶುಂಠಿ, ಇಂಗಿನ ಒಗ್ಗರಣೆ ಸಂಜೆಗೆ. ಕೋಸಂಬರಿಗೆ 300 ಗ್ರಾಂ ಹೆಸರುಬೇಳೆ, ಒಂದು ಗಂಟೆ ನೆನೆದರೆ ಸಾಕು. ಸೌತೆಕಾಯಿ, ಕಾಯಿತುರಿ ಎಲ್ಲ ಸೇರಿಸಿಡಿ, ಉಪ್ಪು ನಿಂಬೆಹಣ್ಣು ಮಾತ್ರ ಎಲ್ಲರೂ ಕೈ ತೊಳೆಯೋಕೆ ಏಳುವಾಗ. ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತೆ. ಹಪ್ಪಳವನ್ನು ಐದು ಗಂಟೆಗೆ ಕರಿದು, ಆರಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ತುಂಬಿ.

ಶನಿವಾರ ಅಂದಿರಲ್ಲ, ಇದನ್ನು ಹೇಳಲೇಬೇಕು. ಬರುವವರಲ್ಲಿ ಶನಿವಾರ ಒಪ್ಪತ್ತು ಮಾಡುವವರು ಇದ್ದಾರಾ ಅಂತ ಇವತ್ತೇ ಫೋನ್ ಮಾಡಿ ಕೇಳಿ. ರಾತ್ರಿ ಅನ್ನ ಮುಟ್ಟುವುದಿಲ್ಲ ಅವರು. ಒಂದು ಸಲ ನಮ್ಮಲ್ಲಿ ಎಲ್ಲವೂ ಅನ್ನದ್ದೇ ಆಗಿ, ಹಿರಿಯರೊಬ್ಬರು ಕೋಸಂಬರಿ, ಬಾಳೆಹಣ್ಣು ತಿಂದು "ಇಷ್ಟು ಸಾಕಮ್ಮ" ಅಂದರು. ಕೇಳದೆ ಇದ್ದದ್ದು ನನ್ನ ತಪ್ಪು. ಅಂಥವರಿದ್ದರೆ ಒಂದಷ್ಟು ಒಗ್ಗರಣೆ ಅವಲಕ್ಕಿ ಮಾಡಿದರೆ ಆಯಿತು. ಈರುಳ್ಳಿ ಬೆಳ್ಳುಳ್ಳಿ ಬೇಡದವರು, ಕಡಲೆಕಾಯಿ ಆಗದ ಮಕ್ಕಳು, ಇದನ್ನೂ ಅದೇ ಫೋನಿನಲ್ಲಿ ಕೇಳಿಬಿಡಿ.

ಏಳೂವರೆಗೆ ಬನ್ನಿ ಅಂದರೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೊನೆಯವರು ಬರುವಾಗ ಎಂಟೂಕಾಲು ಆಗುತ್ತೆ. ಅಲ್ಲಿಯವರೆಗೆ ನಿಂಬೆ ಶರಬತ್ತು, ಕಾಂಡಿಮೆಂಟ್ಸ್ ಅಂಗಡಿಯ ಕೋಡುಬಳೆ ಸ್ವಲ್ಪ. ಜಾಸ್ತಿ ಇಟ್ಟರೆ ಊಟ ಸೇರುವುದಿಲ್ಲ. ಮಕ್ಕಳನ್ನು ಮಾತ್ರ ಕಾಯಿಸಬೇಡಿ, ಬಂದ ಕೂಡಲೇ ಜಮಖಾನ ಹಾಸಿ ಕೂರಿಸಿ ಊಟ ಹಾಕಿಬಿಡಿ.

ಬಡಿಸುವುದಕ್ಕೆ ಡೈನಿಂಗ್ ಟೇಬಲ್ಲನ್ನು ಗೋಡೆಯಿಂದ ಈಚೆಗೆ ಎಳೆದರೆ ಎರಡೂ ಕಡೆಯಿಂದ ಬಡಿಸಿಕೊಳ್ಳಬಹುದು. ನೀರನ್ನು ಅಲ್ಲಿಡಬೇಡಿ, ಬೇರೆ ಮೂಲೆಯಲ್ಲಿ ಸ್ಟೂಲಿನ ಮೇಲಿಡಿ, ಗುಂಪು ಸೇರುವುದಿಲ್ಲ. ವಯಸ್ಸಾದವರಿಗೆ ಕುರ್ಚಿ ಕೊಟ್ಟು ಅಲ್ಲಿಗೇ ತಟ್ಟೆ ತಂದುಕೊಡಿ. ಮೊದಲ ಸಲ ಎಲ್ಲರೂ ತಾವೇ ಹಾಕಿಕೊಳ್ಳಲಿ. ಎರಡನೇ ಸಲ ಯಾರಾದರೂ ಪಾತ್ರೆ ಹಿಡಿದು ಒಂದು ಸುತ್ತು ಹೋಗಲೇಬೇಕು. ನಮ್ಮ ಜನ ಸಂಕೋಚದವರು, ಎದ್ದು ಹೋಗಿ ಮತ್ತೆ ಹಾಕಿಕೊಳ್ಳುವುದಿಲ್ಲ. "ಒಂದು ಸೌಟು ಹಾಕ್ಲಾ?" ಅಂತ ಹತ್ತಿರ ಬಂದು ಕೇಳಿದರೆ ಬೇಡ ಬೇಡ ಅನ್ನುತ್ತಲೇ ತಟ್ಟೆ ಒಡ್ಡುತ್ತಾರೆ. ಬಂದವರಲ್ಲೇ ಯಾರಾದರೂ ನಾನು ಬಡಿಸ್ತೀನಿ ಅಂದರೆ ಬೇಡ ಅನ್ನಬೇಡಿ, ಸೌಟು ಕೊಟ್ಟು ನೀವು ಕೂತುಕೊಳ್ಳಿ.

ಮನೆಕೆಲಸಕ್ಕೆ ಬರುವವರಿದ್ದರೆ ಭಾನುವಾರ ಪಾತ್ರೆ ಜಾಸ್ತಿ ಇರುತ್ತೆ ಅಂತ ಈಗಲೇ ಹೇಳಿ, ಅದಕ್ಕೆ ಬೇರೆ ದುಡ್ಡು ಕೊಡಿ. ಅವರ ಮನೆಗೂ ಒಂದು ಡಬ್ಬ ಬಾತನ್ನು ಬಡಿಸುವ ಮೊದಲೇ ತೆಗೆದಿಡಿ. ಉಳಿದರೆ ಕೊಡೋಣ ಅಂದುಕೊಂಡರೆ ಉಳಿಯುವುದೇ ಇಲ್ಲ.

ಕಳೆದ ಸಲ ನಮ್ಮಲ್ಲಿ 15 ಜನ ಇದ್ದರು. ಅತ್ತೆ ಎಲ್ಲರಿಗಿಂತ ಮೊದಲು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ನಮ್ಮ ಮನೆಯವರ ಗೆಳೆಯರಿಗೆಲ್ಲ ತಮ್ಮ ಊರಿನ ಜಾತ್ರೆಯ ಕತೆ ಹೇಳುತ್ತಾ ಎರಡನೇ ಸಲ ಮೊಸರನ್ನ ಹಾಕಿಸಿಕೊಂಡರು.

ಸಿಲಿಂಡರ್ ಖಾಲಿಯಾಗುವ ಹಾಗಿದ್ದರೆ ಇವತ್ತೇ ಬುಕ್ ಮಾಡಿ. ಪುಡಿಯ ಅಳತೆ ಬೇಕಿದ್ದರೆ ಕೇಳಿ, ಬರೆದು ಹಾಕುತ್ತೇನೆ.